ಐಪಿಎಲ್ ಮಷಿನ್ ತಂದಿದ್ದೀರಾ? ಮೊದಲು ರೇಜರ್ ಹಿಡಿಯಿರಿ

ಕ್ರಿಕೆಟ್ ಅಲ್ಲ, ಕೂದಲು ತೆಗೆಯುವ ಲೈಟಿನ ಮಷಿನ್ ಬಗ್ಗೆ ಹೇಳುತ್ತಿದ್ದೇನೆ. ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ಬುಡ ಸೊರಗುತ್ತದೆ. ಹಾಗಾಗಿ ಬಿಳಿ ಕೂದಲಿಗೆ ಇದು ಸುಮ್ನೆ ದಂಡ.

ಆದರೆ ಚರ್ಮದಲ್ಲೂ ಅದೇ ಬಣ್ಣ ಇದೆ ಅಲ್ವಾ? ನಮ್ಮ ಕಡೆ ಮೈಬಣ್ಣ ಗೋಧಿಯಿಂದ ಕಡುಕಪ್ಪಿನವರೆಗೆ ಇರುತ್ತದೆ, ಅದಕ್ಕೇ ಡಬ್ಬಿಯ ಜೊತೆ ಬರುವ ಬಣ್ಣದ ಚಾರ್ಟ್ ನೋಡದೆ ಮುಟ್ಟಬೇಡಿ. ತೀರಾ ಕಪ್ಪಗಿದ್ದರೆ ಸುಟ್ಟು ಕಲೆ ಬೀಳಬಹುದು. ಸಿದ್ಧಾರೂಢರ ಜಾತ್ರೆಯಲ್ಲಿ ದಿನವಿಡೀ ಬಿಸಿಲಲ್ಲಿ ತಿರುಗಿ ಬಂದಿದ್ದೀರಾ? ಮೈ ಮೊದಲಿನ ಬಣ್ಣಕ್ಕೆ ಬರುವವರೆಗೆ ಕಾಯಿರಿ.

ವ್ಯಾಕ್ಸಿಂಗ್, ಥ್ರೆಡಿಂಗ್ ಬೇಡ. ಬುಡವೇ ಕಿತ್ತು ಬಂದರೆ ಬೆಳಕು ಹಿಡಿಯುವುದು ಯಾವುದನ್ನು? ರೇಜರಿನಿಂದ ಬೋಳಿಸಿ, ತೊಳೆದು, ಪೂರ್ತಿ ಒಣಗಿಸಿ. ಎಣ್ಣೆ, ಸೆಂಟು ಹಚ್ಚಬೇಡಿ. ಮೊದಲು ಕಾಲಿನ ಒಂದು ಸಣ್ಣ ಜಾಗಕ್ಕೆ ಕಡಿಮೆ ಲೆವೆಲ್‌ನಲ್ಲಿ ಹೊಡೆದು 24 ಗಂಟೆ ಬಿಡಿ. ಉರಿ, ಗುಳ್ಳೆ ಇಲ್ಲದಿದ್ದರೆ ಮುಂದುವರಿಸಿ. ಮಚ್ಚೆ, ಹಚ್ಚೆ, ತುಟಿ, ಕಣ್ಣಿನ ಹತ್ತಿರ ಬೇಡವೇ ಬೇಡ. ಬಸುರಿಯರೂ ದೂರವಿರಿ.

ಕೂದಲು ಎಲ್ಲಾ ಒಟ್ಟಿಗೆ ಬೆಳೆಯುವುದಿಲ್ಲ, ಆದ್ದರಿಂದ ಒಂದೇ ಸಲಕ್ಕೆ ಹೋಗುವುದಿಲ್ಲ. ಹೆಚ್ಚಿನ ಮಷಿನ್‌ಗಳಿಗೆ ವಾರಕ್ಕೊಮ್ಮೆ ಇಲ್ಲವೇ 15 ದಿನಕ್ಕೊಮ್ಮೆ, ಅದೂ ತಿಂಗಳುಗಟ್ಟಲೆ. ಬಿಟ್ಟರೆ ಮತ್ತೆ ಬರುತ್ತದೆ. ಗದ್ದದಲ್ಲಿ ಇದ್ದಕ್ಕಿದ್ದಂತೆ ಜಾಸ್ತಿ ಕೂದಲು, ಮುಟ್ಟಿನ ಏರುಪೇರು ಎರಡೂ ಇದ್ದರೆ ಮಷಿನ್ ಬದಿಗಿಟ್ಟು ಡಾಕ್ಟರಿಗೆ ತೋರಿಸಿ.