ಸ್ಕ್ರೂ ತಿರುಗಿಸಿದಾಗ ಬಂದ ತಂಬೂರಿ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ನನಗೆ ಹಾಡಲು ಬರುತ್ತಿರಲಿಲ್ಲ. ಸುಮ್ನೆ ತಂಬೂರಿ ಶ್ರುತಿ ಮಾಡುವುದನ್ನು ನೋಡಲು ಹೋಗುತ್ತಿದ್ದೆ. ತಂತಿಗೂ ಅದನ್ನು ಹೊತ್ತ ಕುದುರೆ ಅನ್ನುವ ಪಟ್ಟಿಗೂ ನಡುವೆ ಒಂದೆಳೆ ದಾರ ಇಟ್ಟು, ಅದನ್ನು ಚೂರೇ ಚೂರು ಹಿಂದೆ ಮುಂದೆ ಸರಿಸುತ್ತಿದ್ದರು. ಸರಿಯಾದ ಜಾಗ ಸಿಕ್ಕ ಕೂಡಲೇ ಸಪ್ಪೆ ತಂತಿ ಝೇಂಕರಿಸುತ್ತಿತ್ತು. ಅದಕ್ಕೆ ಜವಾರಿ ಅಂತಾರೆ. ಒಮ್ಮೆ ಅವರು, "ಖರ್ಜದ ತಂತಿಯೊಳಗ ಗಂಧಾರ ಕೇಳಸ್ತದೇನು? ಕಿವಿಗೊಟ್ಟು ಕೇಳು" ಅಂದರು. ಖರ್ಜ ಅಂದರೆ ಕೆಳಗಿನ ಸ, ಗಂಧಾರ ಅಂದರೆ ಗ. ಗಂಧಾರಕ್ಕೆ ಕಟ್ಟಿದ ತಂತಿಯೇ ಅಲ್ಲಿರಲಿಲ್ಲ. ಆದರೂ ಕೇಳಿಸಿತು. ಆಗ ನನಗೆ ಹತ್ತು ವರ್ಷ.

1980ರ ದಶಕ ಅದು. ಮಾಮಾನ ಮನೆಗೆ ಟೇಪ್ ರೆಕಾರ್ಡರ್ ಬಂತು. ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ ಹಾಕಿದರು. ದನಿ ಇತ್ತು, ತಬಲಾ ಇತ್ತು. ತಂಬೂರಿ ಮಾತ್ರ ಕಂಬಳಿ ಹೊದ್ದು ಮಲಗಿದ ಹಾಗಿತ್ತು. ಬರೀ ಗುಂಯ್ ಅನ್ನುತ್ತಿತ್ತು, ಝೇಂಕಾರ ಇಲ್ಲ.

ಸ್ಪೀಕರ್‌ದೇ ತಪ್ಪು ಅಂದುಕೊಂಡೆ. ಆಗ ಎಷ್ಟೋ ಜನ ಮಾಡುತ್ತಿದ್ದಂತೆ ಒಂದು ಬಿಡಿ ಸ್ಪೀಕರ್ ತಂದು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿದೆ. ಸ್ಪೀಕರಿನ ಹಿಂದಿನಿಂದ ಬರುವ ಸದ್ದು ಮುಂದಿನದಕ್ಕೆ ಉಲ್ಟಾ. ಎರಡೂ ಸೇರಿದರೆ ಕೆಳಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಗಡಿಗೆ ಆ ಹಿಂದಿನ ಸದ್ದನ್ನು ಒಳಗೇ ಹಿಡಿದಿಡುತ್ತದೆ. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ತುಂಬಿಕೊಂಡು ಬಂತು. ತಂಬೂರಿ ಬರಲಿಲ್ಲ.

ಕೊನೆಗೆ ರೇಡಿಯೊ ರಿಪೇರಿಯವರ ಹತ್ತಿರ ಹೋದೆ. ಅವರು ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪಿನಿಂದ ಸದ್ದು ಓದುವ ಹೆಡ್ ಒರೆಸಿದರು. ಅರಳೆ ಕಂದಾಯಿತು, ಸದ್ದು ಸ್ವಲ್ಪ ತಿಳಿಯಾಯಿತು. ಆಮೇಲೆ ಹೆಡ್ಡಿನ ಪಕ್ಕದಲ್ಲಿ, ಅದರ ವಾಲು ಸರಿಪಡಿಸುವ, ಸ್ಪ್ರಿಂಗ್ ಹಾಕಿದ ಪುಟ್ಟ ಸ್ಕ್ರೂ ತೋರಿಸಿ, ಸಣ್ಣ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟರು. ಅಯಸ್ಕಾಂತ ಹಿಡಿದ ಸ್ಕ್ರೂಡ್ರೈವರನ್ನು ಹೆಡ್ಡಿಗೆ ತಾಗಿಸಲೇಬಾರದು ಅಂತಲೂ ಹೇಳಿದರು.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಓಡುವುದು 4.76 ಸೆಂಟಿಮೀಟರ್ ಅಷ್ಟೇ. ಸೆಕೆಂಡಿಗೆ 10,000 ಸಲ ಕಂಪಿಸುವ ಸದ್ದಿನಲ್ಲಿ ಒಂದೊಂದು ಅಲೆಗೆ ಸಿಗುವ ಜಾಗ ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಪಾಲು. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಅಡ್ಡಕ್ಕಿರಬೇಕು. ತುಸು ವಾಲಿದರೂ ಆ ಸಣ್ಣ ಅಲೆಗಳು ಕಲಸಿಹೋಗುತ್ತವೆ. ಕೆಳಗಿನ ಸ್ವರಗಳ ಅಲೆ ಉದ್ದ, ಅವಕ್ಕೆ ಏನೂ ಆಗುವುದಿಲ್ಲ. ತಂಬೂರಿಯ ಝೇಂಕಾರ ಇರುವುದೇ ಆ ಸಣ್ಣ ಅಲೆಗಳಲ್ಲಿ, ಅಲ್ವಾ?

ಪ್ಲೇ ಒತ್ತಿ ತಿರುಗಿಸಿದೆ. ಕಾಲು ಸುತ್ತು ಕೂಡ ಆಗಿರಲಿಲ್ಲ. ಕಂಬಳಿ ಸರಿಯಿತು. ತಂತಿ ಒಂದೊಂದಾಗಿ ಎದ್ದು ಬಂದವು. ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೆ ಮಂಕು. ಹಿಂದಕ್ಕೆ ತಂದರೆ ಮತ್ತೆ ಹೊಳಪು. ಕಾಕು ದಾರ ಸರಿಸಿದ ಹಾಗೇ ಅನ್ನಿಸಿ ಮೈ ಜುಮ್ಮೆಂದಿತು. ಅಂದಿನಿಂದ ಯಾವ ಸೆಟ್ ಕೇಳಿದರೂ ಮೊದಲು ಹುಡುಕುವುದು ತಂಬೂರಿಯನ್ನೇ. ಎಷ್ಟು ವ್ಯಾಟ್ ಅಂತ ಕೇಳುವುದು ಆಮೇಲೆ.

ಎರಡು ದಿನ ಬಿಟ್ಟು ಮಾಮಾ ಮುಖ ಸಣ್ಣದು ಮಾಡಿಕೊಂಡು, "ಏನ್ ಮಾಡಿದ್ಯೋ ಇದಕ್ಕ?" ಅಂದ. ಧಾರವಾಡ ಆಕಾಶವಾಣಿಯಿಂದ ಅವನೇ ರೆಕಾರ್ಡ್ ಮಾಡಿಕೊಂಡಿದ್ದ ಕ್ಯಾಸೆಟ್‌ಗಳೆಲ್ಲ ಮಂಕಾಗಿದ್ದವು. ವಾಲಿದ ಹೆಡ್ಡಿನಲ್ಲಿ ಬರೆದದ್ದು ವಾಲಿದ ಹೆಡ್ಡಿಗೇ ಸರಿಯಾಗಿ ಕೇಳುತ್ತದೆ. ಇದು ನನಗೆ ಹೊಳೆದಿರಲಿಲ್ಲ. ಸ್ಕ್ರೂ ಮೊದಲು ಎಲ್ಲಿತ್ತು ಅಂತ ಗುರುತೂ ಹಾಕಿರಲಿಲ್ಲ. ಒಂದಿಡೀ ಮಧ್ಯಾಹ್ನ ಮಾಮಾನ ಕ್ಯಾಸೆಟ್ ಹಾಕಿಕೊಂಡು, ಕೂದಲೆಳೆಯಷ್ಟು ತಿರುಗಿಸುತ್ತಾ ಆ ಜಾಗವನ್ನು ಕಿವಿಯಿಂದಲೇ ಹುಡುಕಿದೆ. ನೀವು ಮಾಡುವುದಾದರೆ ಮೊದಲು ಗುರುತು ಹಾಕಿ.

ಆ ಟೇಪ್ ರೆಕಾರ್ಡರ್ ಈಗ ನನ್ನ ಬಳಿ ಇದೆ. ಬೆಲ್ಟ್ ಬದಲಾಯಿಸಿದ್ದೇನೆ. ಸ್ಕ್ರೂವಿನ ತಲೆಯ ಸುತ್ತ ಉಗುರಿನ ಬಣ್ಣದ ಎರಡು ಚುಕ್ಕೆ ಇವೆ. ಬಿಳಿಯದು ಅಂಗಡಿಯ ಕ್ಯಾಸೆಟ್‌ಗೆ, ಕೆಂಪು ಮಾಮಾನ ಕ್ಯಾಸೆಟ್‌ಗೆ. ಮಾಮಾ ಈಗಿಲ್ಲ. ಭಾನುವಾರ ಬೆಳಿಗ್ಗೆ ಸ್ಕ್ರೂ ಜಾಸ್ತಿ ಹೊತ್ತು ಕೆಂಪು ಚುಕ್ಕೆಯಲ್ಲೇ ಇರುತ್ತದೆ.