ಮಸಾಜ್‌ಗೆ ಬಂದವರು ಮತ್ತೆ ಬರಬೇಕಾದರೆ

ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು, ಒಮ್ಮೆ ಬಂದವರು ಯಾಕೆ ಮತ್ತೆ ಬರಲಿಲ್ಲ ಅಂತ ನೋಡಿ. ಎಷ್ಟೋ ಸಲ ಮಸಾಜ್ ಚೆನ್ನಾಗಿಯೇ ಇರುತ್ತದೆ, ಅವರ ಮಾತನ್ನು ಮಾತ್ರ ಯಾರೂ ಸರಿಯಾಗಿ ಕೇಳಿಸಿಕೊಂಡಿರುವುದಿಲ್ಲ.

ಶುರು ಮಾಡುವ ಮುಂಚೆ ಮಾತಾಡಿ. ಎಲ್ಲಿ ನೋವು, ಯಾವಾಗಿನಿಂದ, ಎಲ್ಲಿ ಮುಟ್ಟಬಾರದು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ: ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಜೋರಾಗಿ ಒತ್ತಿದರೆ ಚರ್ಮ ಕಂದಿಹೋಗಬಹುದು.

ಅವರು ಹೋದ ತಕ್ಷಣ ಎರಡು ಸಾಲು ಬರೆದಿಡಿ: ‘ಬಲ ಭುಜದ ಹಿಂದೆ ಬಿಗಿತ, ಎಡ ಮೊಣಕಾಲು ಬೇಡ, ಎಣ್ಣೆಯ ವಾಸನೆ ಆಗಲ್ಲ.’ ಮುಂದಿನ ಸಲ ಅವರು ಬಾಯಿ ಬಿಡುವ ಮೊದಲೇ ವಾಸನೆ ಇಲ್ಲದ ಎಣ್ಣೆ ತೆಗೆದಿಟ್ಟಿದ್ದರೆ, ನನ್ನ ಪ್ರಕಾರ ಯಾವ ಡಿಸ್ಕೌಂಟೂ ಅಷ್ಟು ಕೆಲಸ ಮಾಡಲ್ಲ.

‘ಸರಿಯಿದೆಯಾ?’ ಅಂದರೆ ಸುಮಾರು ಜನ ಸಂಕೋಚಕ್ಕೆ ಹೂಂ ಅನ್ನುತ್ತಾರೆ, ಅಲ್ವಾ? ‘ಇನ್ನೂ ಜೋರಾಗಿ ಒತ್ತಲಾ, ಮೆಲ್ಲಗೆ ಮಾಡಲಾ?’ ಅಂತ ಕೇಳಿ. ಉಸಿರು ಬಿಗಿ ಹಿಡಿದರೆ, ಕಾಲ್ಬೆರಳು ಮಡಚಿಕೊಂಡರೆ, ಬಾಯಲ್ಲಿ ಏನೇ ಹೇಳಲಿ, ಒತ್ತಡ ಕಡಿಮೆ ಮಾಡಿ. ನೀವು ಮಾತು ಕಡಿಮೆ ಮಾಡಿದರೂ ಒಳ್ಳೆಯದೇ.

ಮೊದಲ ದಿನವೇ ಹತ್ತು ಸೆಷನ್‌ಗಳ ಪ್ಯಾಕೇಜ್ ತಲೆಗೆ ಕಟ್ಟಬೇಡಿ, ಜನ ಓಡಿಹೋಗುತ್ತಾರೆ. ‘ಭುಜ ಇನ್ನೂ ಪೂರ್ತಿ ಸಡಿಲ ಆಗಿಲ್ಲ, ಎರಡು ವಾರ ಬಿಟ್ಟು ನೋಡೋಣ್ವಾ?’ ಅಂತ ಕಾರಣ ಹೇಳಿ, ಅಲ್ಲೇ ದಿನ ಗೊತ್ತು ಮಾಡಿ. ಒಂದೆರಡು ದಿನ ಕಳೆದ ಮೇಲೆ ‘ಈಗ ಹೇಗಿದೆ?’ ಅಂತ ಒಂದು ಮೆಸೇಜ್ ಹಾಕಿ, ಅದರ ಜೊತೆ ಆಫರ್ ಮಾತ್ರ ಅಂಟಿಸಬೇಡಿ.

ಕೈ ಜೋಮು ಹಿಡಿಯುತ್ತದೆ, ನೋವು ದಿನದಿನಕ್ಕೂ ಜಾಸ್ತಿ ಆಗುತ್ತಿದೆ ಅಂದರೆ ಡಾಕ್ಟರ್ ಹತ್ತಿರ ಕಳಿಸಿ.