ನಾಯಿ, ಬೆಕ್ಕಿಗೆ ಎಕ್ಸ್‌ರೇ ಮಾಡಿಸುವ ಮುನ್ನ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗಾಗಲಿ, ನಿಮ್ಮ ಬಡಾವಣೆಯ ಕ್ಲಿನಿಕ್ಕಿಗಾಗಲಿ ನಾಯಿ, ಬೆಕ್ಕನ್ನು ಎಕ್ಸ್‌ರೇಗೆ ಕರೆದೊಯ್ಯುವವರು ದಯವಿಟ್ಟು ಗಮನಿಸಿ. ಒಂದೇ ಚಿತ್ರ ಸಾಕೆಂದು ಹಣ ಉಳಿಸಲು ಹೋಗಬೇಡಿ. ಎಕ್ಸ್‌ರೇಯಲ್ಲಿ ಅಂಗಗಳ ನೆರಳು ಒಂದರ ಮೇಲೊಂದು ಬಿದ್ದಿರುತ್ತದೆ. ಮಗ್ಗುಲಾಗಿ ಒಂದು, ಅಂಗಾತ ಮಲಗಿಸಿ ಇನ್ನೊಂದು, ಎರಡು ಬೇಕೇ ಬೇಕು. ಗಡ್ಡೆ ಶ್ವಾಸಕೋಶಕ್ಕೆ ಹರಡಿರುವ ಅನುಮಾನವಿದ್ದರೆ ಎಡಮಗ್ಗುಲು, ಬಲಮಗ್ಗುಲು, ಅಂಗಾತ ಎಂದು ಮೂರು. ಮಲಗಿದಾಗ ಕೆಳಬದಿಯ ಶ್ವಾಸಕೋಶದಲ್ಲಿ ಗಾಳಿ ಕಡಿಮೆಯಾಗಿ, ಅಲ್ಲಿನ ಸಣ್ಣ ಗಂಟು ಕಾಣಿಸದೆ ಹೋಗಬಹುದು. ಆದರೆ ಏದುಸಿರು ಬಿಡುತ್ತಿರುವ ಪ್ರಾಣಿಯನ್ನು ಅಂಗಾತ ಮಲಗಿಸಲು ಒತ್ತಾಯಿಸಲೇಬಾರದು. ಮೊದಲು ಆಮ್ಲಜನಕ, ಆಮೇಲೆ ಚಿತ್ರ.

ಬಟ್ಟೆ, ತೆಳು ಪ್ಲಾಸ್ಟಿಕ್ ನುಂಗಿದ್ದರೆ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದು ಅಪರೂಪ. ಏನು ನುಂಗಿತೆಂದು ವೈದ್ಯರಿಗೆ ತಿಳಿಸಿ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ. ಅದಕ್ಕಾಗಿ ಹೊಟ್ಟೆಯ ಕೂದಲು ಬೋಳಿಸಿದರೆ ಬೇಸರಪಡಬೇಡಿ, ಕೂದಲ ನಡುವಿನ ಗಾಳಿ ಶಬ್ದತರಂಗವನ್ನು ತಡೆಯುತ್ತದೆ.

ಗರ್ಭಿಣಿಯರು ಮತ್ತು 18 ವರ್ಷದೊಳಗಿನವರು ಎಕ್ಸ್‌ರೇ ವೇಳೆ ಪ್ರಾಣಿಯನ್ನು ಹಿಡಿದು ನಿಲ್ಲಬಾರದು. ಉಳಿದವರೂ ಸೀಸದ ಏಪ್ರನ್ ಇಲ್ಲದೆ ಒಳಗೆ ಹೋಗಬೇಡಿ. ಚಿತ್ರದ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಪರದೆಯಿಂದ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಸೂಕ್ಷ್ಮ ವಿವರಗಳು ಉಳಿಯುವುದಿಲ್ಲ.